ರೇಡಿಯೋದಲ್ಲಿ ಕೂಗಿದ ಹೆಸರು

ಹೆಸರು ಹಿಡಿದು ಕರೆಯಬಾರದ ನನ್ನ ವಾರಿಗೆಯ ಗೆಳೆಯನೇ,

ಮೊನ್ನೆ ಬೆಳಿಗ್ಗೆ ನಿನ್ನ ಹೆಸರನ್ನು ಕೂಗಿಬಿಟ್ಟೆ. ಮನೆಯೊಳಗೆ ಗುಟ್ಟಾಗಿ ಅಲ್ಲ, ಮಾರಾ ಬಯಲಿನಲ್ಲಿದ್ದ ಅಷ್ಟೂ ಸಫಾರಿ ಗಾಡಿಗಳಿಗೆ ಕೇಳಿಸುವ ಹಾಗೆ, ರೇಡಿಯೋದಲ್ಲಿ. ಸತ್ತವನ ಹೆಸರನ್ನು ಮತ್ತೆ ಬಾಯಲ್ಲಿ ಆಡಬಾರದೆಂದು ನಮ್ಮ ಮಸಾಯಿಗಳಲ್ಲಿ ದನ ಕಾಯುವ ಮಕ್ಕಳಿಗೂ ಗೊತ್ತು. ನಿನ್ನ ಜೊತೆಗೇ ಸುನ್ನತಿ ಮಾಡಿಸಿಕೊಂಡು, ನಿನ್ನ ಜೊತೆಗೇ ತಲೆ ನರೆಸಿಕೊಂಡ ನಾನು ಅದನ್ನು ಮರೆತೆ ಎಂದರೆ ಯಾರು ನಂಬುತ್ತಾರೆ? ಕಟ್ಟಳೆಯನ್ನು ಮರೆತಿರಲಿಲ್ಲ ಕಣೋ. ನೀನು ಸತ್ತಿದ್ದನ್ನೇ ಮರೆತಿದ್ದೆ.

ಬರೆಯಬಾರದು ಎಂದು ಯಾವ ಹಿರಿಯನೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆದರೂ ಈ ಕಾಗದದಲ್ಲಿ ನಿನ್ನ ಹೆಸರು ಎಲ್ಲೂ ಇರುವುದಿಲ್ಲ.

ಆವತ್ತು ನನ್ನ ಗಾಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಅತಿಥಿಗಳಿದ್ದರು. ತಲೇಕ್ ಹೊಳೆ ದಾಟಿ ದಿಬ್ಬ ಹತ್ತುವಾಗ ಜಿಂಕೆಗಳೆಲ್ಲ ಮೇಯುವುದನ್ನು ಬಿಟ್ಟು ಒಂದೇ ಕಡೆ ಮುಖ ಮಾಡಿ ನಿಂತಿದ್ದವು. "ಪ್ರಾಣೀನ ಹುಡುಕ್ಬೇಡ್ವೋ ದಡ್ಡ, ಅದನ್ನ ನೋಡ್ತಾ ನಿಂತಿರೋರನ್ನ ಹುಡುಕು" ಎಂದು ನೀನು ಕಲಿಸಿದ್ದೆಯಲ್ಲ, ಹಾಗೇ ಮಾಡಿದೆ. ಹುಲ್ಲಿನ ನಡುವೆ ಅವಳೇ ಕುಳಿತಿದ್ದಳು, ಎಡಗಿವಿ ಹರಿದ ನಿನ್ನ ಚೀತಾ. ಜೊತೆಗೆ ಮೂರು ಮರಿಗಳು, ಬೆನ್ನ ಮೇಲೆ ಇನ್ನೂ ಬೂದಿಬಣ್ಣದ ಎಳೆಗೂದಲು. ಒಂದು ಮರಿ ತಾಯಿಯ ಬಾಲ ಹಿಡಿಯಲು ಹೋಗಿ ಮಗುಚಿ ಬಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಕೈ ತಾನಾಗಿಯೇ ರೇಡಿಯೋಕ್ಕೆ ಹೋಯಿತು. ನಿನ್ನ ಹೆಸರು ಕೂಗಿ, "ಸಣ್ಣ ಸೊಂಟದವಳು ಮತ್ತೆ ಹೆತ್ತಿದ್ದಾಳೆ ಕಣೋ!" ಎಂದೆ. ಅತಿಥಿಗಳಿಗೆ ತಿಳಿಯದಿರಲಿ ಎಂದು ನಾವೆಲ್ಲ ಪ್ರಾಣಿಗಳಿಗೆ ಇಟ್ಟುಕೊಂಡಿರುವ ಅಡ್ಡಹೆಸರು ಆಗಲೂ ತಪ್ಪಲಿಲ್ಲ ನೋಡು. ತಪ್ಪಿದ್ದು ನಿನ್ನದು ಮಾತ್ರ.

 ರೇಡಿಯೋದಲ್ಲಿ ನಮ್ಮೆಲ್ಲರಿಗಿಂತ ಹಳೆಯ ಚಾಲಕ ಪರ್ಸಲೋಯ್ ಮೆಲ್ಲಗೆ, "ಸಿರೋಂಕಾ, ಅದನ್ನ ಕೆಳಗಿಡಪ್ಪ. ಮೊದ್ಲು ಬಾಯಿ ಮುಕ್ಕಳಿಸು" ಎಂದ. ಮುಕ್ಕಳಿಸಿದೆ. ಹಿಂದೆ ಕುಳಿತಿದ್ದ ಹೆಂಗಸು, ಯಾರನ್ನು ಕರೆದೆ ಎಂದು ಕೇಳಿದಳು. ನನ್ನ ಗೆಳೆಯನನ್ನು ಎಂದೆ. ಅವನೂ ನೋಡಲು ಬರುತ್ತಾನಾ ಎಂದಳು. ದೂರ ಇದ್ದಾನೆ ಎಂದು ಹೇಳಿ ಕನ್ನಡಕ ಒರೆಸಿಕೊಂಡೆ.

ಹೋದ ವರ್ಷ ಇದೇ ತಾಯಿಯ ಮೊದಲ ಮರಿಗಳನ್ನು ಕಂಡವನು ನೀನು. ಇಬ್ಬರೂ ಸಫಾರಿ ಗಾಡಿ ಓಡಿಸಿದ ಹತ್ತೊಂಬತ್ತು ವರ್ಷದ ರೂಢಿಯಂತೆ ಮೊದಲು ನನ್ನೊಬ್ಬನಿಗೇ ಹೇಳಿದೆ. "ಓಡೋಕೆ ಬರೋ ತನಕ ಯಾರಿಗೂ ಹೇಳ್ಬೇಡ. ನಿನ್ನ ಹೆಂಡ್ತಿಗಂತೂ ಬೇಡವೇ ಬೇಡ, ಅವಳ ಬಾಯಿ ನಂಗೊತ್ತು" ಎಂದು ನೀನು ನಕ್ಕೆ. ನನ್ನ ಹೆಂಡತಿ ಯಾರಿಗೂ ಹೇಳಲಿಲ್ಲ, ಪಾಪ. ಹೇಳಿದವನು ನಾನು. ಆ ವಾರವೆಲ್ಲ ಎಳೆಯ ಚಾಲಕರು ರೇಡಿಯೋದಲ್ಲಿ ನನ್ನ ಕಾಲೆಳೆಯುತ್ತಿದ್ದರು. "ಸಿರೋಂಕಜ್ಜಂಗೆ ಆನೆ ಕಾಣ್ಬೇಕಂದ್ರೆ ಆನೇನೇ ಹಾರ್ನ್ ಹೊಡೀಬೇಕು" ಎಂದು ಒಬ್ಬ, "ಕನ್ನಡಕ ಗಾಡಿಗೆ ಹಾಕ್ಸಿ, ನಿಮಗಲ್ಲ" ಎಂದು ಇನ್ನೊಬ್ಬ. ನನಗೆ ರೇಗಿಹೋಯಿತು. "ಬನ್ರೋ, ನನ್ನ ಕಣ್ಣಿಗೆ ಏನು ಬಿದ್ದಿದೆ ತೋರಿಸ್ತೀನಿ" ಎಂದು ಜಾಗವನ್ನೂ ಹೇಳಿಬಿಟ್ಟೆ. ನನ್ನ ಕಣ್ಣಿಗೆ ಬಿದ್ದದ್ದಲ್ಲ ಅದು, ನೀನು ನಂಬಿ ಹೇಳಿದ್ದು.

ಹದಿನಾಲ್ಕು ಗಾಡಿಗಳು ಬಂದು ಸುತ್ತ ನಿಂತವು. ತಾಯಿಗೆ ಬೇಟೆಗೆ ಹೋಗಲು ದಾರಿಯಿಲ್ಲ, ಮರಿಗಳನ್ನು ಅಡಗಿಸಲು ಹುಲ್ಲಿಲ್ಲ. ಕೊನೆಗೆ ಹಾಡಹಗಲೇ ನಾಲ್ಕು ಮರಿಗಳನ್ನು ಕರೆದುಕೊಂಡು ಬಟ್ಟಬಯಲಿಗೆ ಹೊರಟಳು. ಆ ಕಡೆ ಸಿಂಹಗಳಿದ್ದವು. ಮಾರನೆಯ ದಿನ ಅವಳೊಬ್ಬಳೇ ಅಲೆಯುತ್ತಿದ್ದಳು. ಮರಿಗಳನ್ನು ಕರೆಯುವಾಗ ಚೀತಾ ಘರ್ಜಿಸುವುದಿಲ್ಲ, ಸಣ್ಣ ಹಕ್ಕಿಯ ಹಾಗೆ ಕೂಗುತ್ತದೆ. ಎರಡು ದಿನ ಕೂಗಿದಳು. ನೀನು ಗಾಡಿಯನ್ನು ನನ್ನ ಗಾಡಿಯ ಪಕ್ಕ ತಂದು ನಿಲ್ಲಿಸಿ, "ನಿನ್ನ ಕಣ್ಣು ಚೆನ್ನಾಗೇ ಇದೆ ಸಿರೋಂಕಾ. ಚೆನ್ನಾಗಿ ನೋಡು" ಎಂದೆ. ನೀನು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಮರುದಿನದಿಂದ ಬೆಳಿಗ್ಗೆ ಗೇಟು ದಾಟಿದ ಕೂಡಲೇ ನಿನ್ನನ್ನು ಕರೆಯುತ್ತಿದ್ದೆ. ತಪ್ಪಾಯಿತು ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಹೆಸರು ಕೂಗಿ, ಚಿರತೆ ಇಂಥ ಮರದ ಮೇಲಿದೆ, ಆನೆಗಳು ಹೊಳೆಗೆ ಇಳಿದಿವೆ ಎಂದು ಸುದ್ದಿ ಹೇಳುತ್ತಿದ್ದೆ. ನೀನು ಉತ್ತರ ಕೊಡುತ್ತಿರಲಿಲ್ಲ. ಹೊಟ್ಟೆನೋವೆಂದು ಕೆಲಸ ಬಿಟ್ಟು ಮನೆಯಲ್ಲಿದ್ದೀಯ ಎಂದು ಯಾರೋ ಹೇಳಿದರು. ಸಿಟ್ಟಿಗೆ ನೆಪ ಎಂದುಕೊಂಡೆ. ನಾಲ್ಕು ತಿಂಗಳು ಕರೆದು, ಒಂದು ದಿನ ನನಗೂ ಸ್ವಾಭಿಮಾನ ಎಂಬ ಭೂತ ಹಿಡಿಯಿತು. ಬೇಕಾದರೆ ಅವನೇ ಕರೆಯಲಿ ಎಂದು ನಿಲ್ಲಿಸಿದೆ. ನಿನ್ನ ಮನೆ ಅರ್ಧ ಗಂಟೆಯ ದಾರಿ. ದಿನಾ ಅತಿಥಿಗಳನ್ನು ಕೂರಿಸಿಕೊಂಡು ಸಿಂಹ ಆಕಳಿಸುವುದನ್ನು ನೋಡಲು ಅದರ ನಾಲ್ಕರಷ್ಟು ದೂರ ಹೋಗುತ್ತಿದ್ದೆ, ನಿನ್ನ ಬಾಗಿಲಿಗೆ ಮಾತ್ರ ಬರಲಿಲ್ಲ. ಕರೆಯುವುದನ್ನು ನಿಲ್ಲಿಸಿದ ಹದಿನೇಳನೆಯ ದಿನ ನೀನು ಹೋದ ಸುದ್ದಿ ಬಂತು.

ಹೆಸರು ಕೂಗಿದ ತಪ್ಪಿಗೆ ದಂಡವೆಂದು ನಿನ್ನೆ ಒಂದು ಕುರಿ ಹಿಡಿದುಕೊಂಡು ನಿನ್ನ ಮನೆಗೆ ಹೋದೆ. ನಿನ್ನ ಅಣ್ಣ ಬಾಯಿಗೆ ಬಂದಂತೆ ಬೈದು ಕುರಿ ಕಟ್ಟಿಕೊಂಡ. ನಿನ್ನ ಹೆಂಡತಿ ಸೆಲೆಯಾನ್ ಬೈಯಲಿಲ್ಲ. ಚಹಾ ಕೊಟ್ಟು ಎದುರಿಗೆ ಕೂತು, "ಅವತ್ತು ಯಾಕೆ ನಿಲ್ಲಿಸ್ದೆ?" ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ.

"ದಿನಾ ಬೆಳಿಗ್ಗೆ ಕೈರೇಡಿಯೋ ಎದೆ ಮೇಲಿಟ್ಕೊಂಡು ಕಾಯ್ತಿದ್ದ. ನೀನು ಕರೆದ್ರೆ ನಗ್ತಿದ್ದ. ಕತ್ತೆ ಇನ್ನೊಂದು ಸ್ವಲ್ಪ ಒದರ್ಲಿ, ಮಳೆ ಬಿದ್ದ ದಿನ ಮಾತಾಡಿಸ್ತೀನಿ ಅಂತಿದ್ದ. ನಿನ್ನ ದನಿ ನಿಂತ್ಹೋದಾಗ ರೇಡಿಯೋನೇ ಕೆಟ್ಟಿದೆ ಅಂದ. ತಲೇಕ್ ಪೇಟೆಗೆ ರಿಪೇರಿಗೆ ಕಳಿಸ್ದ. ಏನೂ ಆಗಿಲ್ಲ ಅಂತ ವಾಪಸ್ ಕೊಟ್ರು. ಮತ್ತೆ ಕಳಿಸ್ದ. ಸಿರೋಂಕಾ ನಿಲ್ಲಿಸಿರ್ಬೇಕು ಅಂತ ನಾನಂದ್ರೆ ನನ್ನ ಮೇಲೇ ರೇಗ್ದ. ಅವನು ನಿಲ್ಲಿಸೋನಲ್ಲ ಕಣೇ, ನಿಂಗೇನು ಗೊತ್ತು ಅಂದ. ಅವನು ಹೋದಾಗ ರೇಡಿಯೋ ಅಂಗಡೀಲೇ ಇತ್ತು."

ಚಹಾದ ಲೋಟ ಕೆಳಗಿಟ್ಟೆ. ನಿನ್ನ ಹೆಂಡತಿಯ ಎದುರಿಗೆ, ನಿನ್ನ ಅಣ್ಣನ ಎದುರಿಗೆ, ಹೆಂಗಸರ ಹಾಗೆ ಎಂದು ಯಾರು ಬೇಕಾದರೂ ಹೇಳಲಿ, ಗಟ್ಟಿಯಾಗಿ ಅತ್ತೆ. ನೀನು ಸಿಟ್ಟಿನಲ್ಲೇ ಹೋದೆ ಎಂದು ಇಷ್ಟು ದಿನ ಕೊರಗುತ್ತಿದ್ದೆ. ಹಾಗಿದ್ದಿದ್ದರೇ ಎಷ್ಟೋ ಹಗುರವಾಗಿರುತ್ತಿತ್ತು.

ಈ ಸಲ ಮರಿಗಳ ಜಾಗವನ್ನು ಯಾರಿಗೂ ಹೇಳಿಲ್ಲ, ಯಾರೂ ಕೇಳಲೂ ಇಲ್ಲ. ಆ ಕಡೆಯ ಹಾದಿಯನ್ನೇ ಬಿಟ್ಟಿದ್ದೇನೆ. ನೀನಿರುವಲ್ಲಿ ಹುಲ್ಲು ಹಸಿರಾಗಿರಲಿ, ಎಂಗಾಯ್ ದೇವರು ನಿನ್ನ ಮಂದೆಯನ್ನು ಕಾಯಲಿ. ಕೆಟ್ಟಿದ್ದು ರೇಡಿಯೋ ಎಂದೇ ನಂಬಿಕೊಂಡಿರು ಗೆಳೆಯಾ. ಅಲ್ಲಿ ಯಾರಾದರೂ ನಿಜ ಹೇಳಲು ಬಂದರೆ ಅವರ ಮೇಲೂ ರೇಗು.

ನಿನ್ನನ್ನು ಕರೆಯುವುದನ್ನು ನಿಲ್ಲಿಸಿದವನು,
ಸಿರೋಂಕಾ