ಛತ್ರಿ ಮರೆತ ನೆಂಟರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾನಿಲ್ಲಿ ಕ್ಷೇಮ ಎಂದು ಶುರು ಮಾಡಬೇಕು. ಮಾಡುವುದಿಲ್ಲ. ನೀನು ಕ್ಷೇಮವೇ ಎಂದು ಕೇಳುತ್ತೇನೆ, ಮತ್ತು ಈ ಸಲ ಅದು ಬಾಯಿಮಾತಿನ ಪ್ರಶ್ನೆಯಲ್ಲ. ನನಗೆ ಉತ್ತರ ಬೇಕು.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಭಾವ ಎತ್ತಿ, "ಅವಳು ಸ್ನಾನಕ್ಕೆ ಹೋಗಿದಾಳಮ್ಮ" ಎನ್ನುತ್ತಾರೆ. ಅಷ್ಟು ಸ್ನಾನ ಮಾಡಿದ್ದರೆ ಇಷ್ಟು ಹೊತ್ತಿಗೆ ನೀನು ಸೋಪಿನ ಹಾಗೆ ಕರಗಿಹೋಗಬೇಕಿತ್ತು. ಪಾಪ, ಅವರಿಗೆ ಸುಳ್ಳು ಹೇಳಲೂ ಬರುವುದಿಲ್ಲ. ಅದಕ್ಕೇ ಈ ಕಾಗದ. ಬೇರೆಯವರಿಗೆ ಬಂದ ಕಾಗದವನ್ನೇ ಓದದೆ ಬಿಟ್ಟವಳಲ್ಲ ನೀನು, ನಿನಗೇ ಬಂದದ್ದನ್ನು ಬಿಡುತ್ತೀಯಾ?

ಮೊದಲು ನನ್ನ ಸುದ್ದಿ. ಹೊಲಿಗೆ ಒಣಗಿದೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದದ್ದು ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಇದು: ರೋಗ ಒಳಪದರದಲ್ಲೇ ನಿಂತಿರಲಿಲ್ಲ, ಗರ್ಭಕೋಶದ ಗೋಡೆಯೊಳಕ್ಕೆ ಆಳವಾಗಿ ಇಳಿದಿತ್ತು. ಹಾಗಾಗಿ ವಿಕಿರಣ ಚಿಕಿತ್ಸೆಯೂ ಆಗಬೇಕು. ಮೊದಲ ಚುಕ್ಕೆ ಕಂಡಾಗಲೇ ಬಂದಿದ್ದರೆ ಬಹುಶಃ ಆಪರೇಷನ್ ಒಂದರಲ್ಲೇ ಮುಗಿದುಹೋಗುತ್ತಿತ್ತಂತೆ. ಡಾಕ್ಟರಮ್ಮ ಇದನ್ನು ಬೈಯುವ ಧ್ವನಿಯಲ್ಲಿ ಹೇಳಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಆ ಮೊದಲ ಚುಕ್ಕೆಯ ವಿಷಯ ನಿನಗೆ ಗೊತ್ತಿತ್ತು ಅಕ್ಕ. ಇಡೀ ಜಗತ್ತಿನಲ್ಲಿ ನಿನಗೊಬ್ಬಳಿಗೇ ಗೊತ್ತಿತ್ತು.

ನಮ್ಮ ಮನೆಯಲ್ಲಿ ಮುಟ್ಟು ಎನ್ನುವ ಮಾತೇ ಇರಲಿಲ್ಲ. ನೆಂಟರಿದ್ದರು. "ನೆಂಟರು ಬಂದಿದಾರೆ" ಎಂದು ಅಮ್ಮ ನಿನಗೆ ಹೇಳಿಕೊಟ್ಟಳು, ನೀನು ನನಗೆ ಹೇಳಿಕೊಟ್ಟೆ. ಅಪ್ಪ ಒಂದು ಸಲ ಪತ್ರಿಕೆಯಿಂದ ತಲೆಯೆತ್ತಿ, "ಯಾರು? ಊಟಕ್ಕೆ ಇರ್ತಾರಾ?" ಎಂದು ಕೇಳಿದ್ದರು. ನಾವಿಬ್ಬರೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೆವು. ಈಗಲೂ ನೆನೆಸಿಕೊಂಡರೆ ನಗು ಬರುತ್ತದೆ, ಆಮೇಲೆ ಮೈಯೆಲ್ಲ ಉರಿಯುತ್ತದೆ.

ಆ ನೆಂಟರು ನನ್ನನ್ನು ಬಿಟ್ಟುಹೋಗಿ ವರ್ಷಗಳೇ ಆದ ಮೇಲೆ ಒಂದು ದಿನ ಒಳಬಟ್ಟೆಯಲ್ಲಿ ಸಣ್ಣ ಕಲೆ. ನಿನಗೆ ಫೋನು ಮಾಡಿ, "ನೆಂಟರು ಮತ್ತೆ ಬಂದಿದಾರೆ ಅಕ್ಕ" ಎಂದೆ. ನೀನು ಗಹಗಹಿಸಿ ನಕ್ಕು, "ಛತ್ರಿ ಮರೆತು ಹೋಗಿದ್ರೇನೋ, ತಗೊಂಡು ಹೋಗೋಕೆ ಬಂದಿರ್ತಾರೆ ಬಿಡೇ" ಎಂದೆ. ನಾನೂ ನಕ್ಕೆ. ಎಷ್ಟು ಚೆನ್ನಾಗಿ ಹೇಳಿದಳು ನನ್ನ ಅಕ್ಕ ಎಂದು ದಿನವಿಡೀ ಒಬ್ಬಳೇ ನಗುತ್ತಿದ್ದೆ. ಮುಂದಿನ ತಿಂಗಳು ಮತ್ತೆ ಕಂಡಾಗ ನೀನು, "ಆ ಪರೀಕ್ಷೆ ಮಾಡಿಸಿದ್ದೆಯಲ್ಲ, ಎಲ್ಲಾ ಸರಿಯಾಗಿದೆ ಅಂದಿದ್ರಲ್ಲ, ಯಾಕೆ ಸುಮ್ನೆ ತಲೆ ಕೆಡಿಸ್ಕೋತೀಯ?" ಎಂದೆ. ಆ ಪರೀಕ್ಷೆ ಗರ್ಭಕೋಶದ ಬಾಯಿಯದ್ದಂತೆ. ಬಾಗಿಲು ನೋಡಿ ಒಳಗಿನ ಕೋಣೆ ಗುಡಿಸಿದೆಯೋ ಇಲ್ಲವೋ ಹೇಳುವುದಕ್ಕಾಗುತ್ತದೆಯೇ ಎಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು. ನನಗೆ ತಿಳಿದಿರಲಿಲ್ಲ. ನಿನಗೂ ತಿಳಿದಿರಲಿಲ್ಲ, ಆದರೆ ತಿಳಿದವಳ ಹಾಗೆ ಹೇಳಿದೆ.

ನನ್ನ ಕೆಲಸವೂ ನನಗೆ ಸಹಾಯ ಮಾಡಿತು ಎನ್ನಬೇಕು, ಹಾಳಾಗುವುದಕ್ಕೆ. ಹೋಟೆಲಿನ ನೆಲಮಾಳಿಗೆಯಲ್ಲಿ ದಿನವೂ ಗುಡ್ಡದಷ್ಟು ಹಾಸಿಗೆ ಬಟ್ಟೆ ಬಂದು ಬೀಳುತ್ತದೆ. ಯಂತ್ರಕ್ಕೆ ಹಾಕುವ ಮೊದಲು ಕಲೆ ಹುಡುಕುವುದು, ಬಿಡಿಸುವುದು ನನ್ನ ಪಾಲು. ರಕ್ತದ ಕಲೆಯಾದರೆ ತಣ್ಣೀರು, ಉಪ್ಪು, ಸ್ವಲ್ಪ ತಾಳ್ಮೆ. ಬಿಸಿನೀರು ಮಾತ್ರ ತಾಗಿಸಬಾರದು. ತಾಗಿದರೆ ರಕ್ತ ನೂಲಿನಲ್ಲೇ ಬೆಂದು ಕಚ್ಚಿಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ಕಂದು ಬಣ್ಣದ ನೆರಳು ಉಳಿಯುತ್ತದೆ. ಯಾರ್ಯಾರದೋ ರಕ್ತವನ್ನು ಕಾಣದಂತೆ ಮಾಡಿ ಸಂಬಳ ಪಡೆದವಳು ನಾನು, ನನ್ನದನ್ನೂ ಅಷ್ಟೇ ಅಚ್ಚುಕಟ್ಟಾಗಿ ಕಾಣದಂತೆ ಮಾಡಿದೆ. ಮಗಳು ಒಂದೇ ಸೂರಿನಡಿ ಇದ್ದಾಳೆ, ಅವಳಿಗೂ ಸುಳಿವು ಸಿಗಲಿಲ್ಲ.

ಒಂದು ದಿನ ಧೈರ್ಯ ಮಾಡಿ ಕ್ಲಿನಿಕ್ಕಿಗೆ ಹೋದೆ. ಇದನ್ನು ನಿನಗೆ ಹೇಳಿರಲಿಲ್ಲ, ಹೇಳಿದ್ದರೆ ನೀನು ಅದಕ್ಕೂ ಒಂದು ನಗೆಮಾತು ಸೇರಿಸುತ್ತಿದ್ದೆ. ಗಾಜಿನ ಹಿಂದೆ ಕೂತಿದ್ದ ಹುಡುಗಿ ಏನು ತೊಂದರೆ ಎಂದು ಗಟ್ಟಿಯಾಗಿ ಕೇಳಿದಳು. ನನ್ನ ಹಿಂದೆ ಗಂಡಸರ ಸಾಲು. ನಾಲಿಗೆಗೆ ಬೇರೆ ಮಾತೇ ಬರಲಿಲ್ಲ. "ನೆಂಟರು ಬಂದಿದಾರೆ, ಅದಕ್ಕೇ..." ಎಂದೆ. ಅವಳು ಕರುಣೆಯಿಂದ, "ಹಾಗಾದ್ರೆ ನೆಂಟರು ಹೋದ್ಮೇಲೆ ಬನ್ನಿ ಆಂಟಿ. ಅರ್ಜೆಂಟ್ ಏನೂ ಇಲ್ವಲ್ಲ?" ಎಂದಳು. ಇಲ್ಲ ಎಂದು ತಲೆಯಾಡಿಸಿ ಹೊರಗೆ ಬಂದೆ. ಆ ಚಳಿಗಾಲ ಪೂರ್ತಿ ಮತ್ತೆ ಅತ್ತ ತಲೆ ಹಾಕಲಿಲ್ಲ.

ಕೊನೆಗೆ ಕಂಡುಹಿಡಿದವಳು ಮಗಳು. ನನ್ನ ಕೈಚೀಲದಲ್ಲಿ ಪ್ಯಾಡಿನ ಪೊಟ್ಟಣ ನೋಡಿ, "ಇದು ನಿನಗ್ಯಾಕಮ್ಮಾ?" ಎಂದಳು. ನಾನು ನೆಂಟರು ಎಂದು ಶುರುಮಾಡುವಷ್ಟರಲ್ಲಿ, "ಯಾವ ನೆಂಟರೂ ಇಲ್ಲ, ರಕ್ತ ಹೋಗ್ತಿದೆಯಾ? ಹೌದು ಅಥವಾ ಇಲ್ಲ ಅನ್ನು" ಎಂದಳು. ನಾವು ಒಂದು ಆಯುಷ್ಯವಿಡೀ ಬಾಯಿಬಿಡದ ಮಾತನ್ನು ಆ ಹುಡುಗಿ ಬಟಾಟೆಯ ರೇಟು ಕೇಳುವಂತೆ ಕೇಳಿದಳು. ಅವಳೇ ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಸ್ಕ್ಯಾನಿನಲ್ಲಿ ಒಳಪದರ ದಪ್ಪವಾಗಿ ಕಂಡಿತು, ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲಿನ ಆಪರೇಷನ್ನಿಗೆ ನೀನೇ ಬಂದಿದ್ದೆ.

ಬಂದಿದ್ದೆ, ನಿಜ. ಆ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ತಲೆ ಬಾಚಿದೆ, ಗಂಜಿ ಕುಡಿಸಿದೆ, ಎಲ್ಲದಕ್ಕೂ ನಿನ್ನ ಬಿಸಿನೀರು. ಕುಡಿಯಲು ಬಿಸಿನೀರು, ನೆಲ ಒರೆಸಲು ಬಿಸಿನೀರು, ನನ್ನ ಬೇಸರಕ್ಕೂ ಒಂದು ಲೋಟ ಬಿಸಿನೀರು. ಆದರೆ ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ ಪಾತ್ರೆಯ ಮುಚ್ಚಳ ಎತ್ತಿ ಕುಕ್ಕಿ, "ಸತ್ತವರ ಹೊಟ್ಟೆ ಯಾಕೆ ಬಗೀತೀಯ?" ಎಂದು ಮರುದಿನ ಬೆಳಗ್ಗೆಯೇ ಬಸ್ಸು ಹತ್ತಿದೆ.

ಆ ಪ್ರಶ್ನೆಯನ್ನೇ ಮತ್ತೆ ಕೇಳುತ್ತಿದ್ದೇನೆ. ಅಮ್ಮ ಯಾವುದರಿಂದ ಹೋದಳು?

ಹೊಟ್ಟೆನೋವು ಎಂದು ನನಗೆ ಹೇಳಿದ್ದಿರಿ. ನಾನು ಚಿಕ್ಕವಳು, ನಂಬಿದೆ. ಆದರೆ ಅಮ್ಮನ ಕೊನೆಯ ದಿನಗಳಲ್ಲಿ ನೀನು ಹಿತ್ತಲಲ್ಲಿ ಕೂತು ಹಬೆಯಾಡುವ ಬಕೆಟ್ಟಿನಲ್ಲಿ ಹಾಸಿಗೆ ಬಟ್ಟೆ ಉಜ್ಜುತ್ತಿದ್ದುದನ್ನು ನೋಡಿದ್ದೇನೆ. ಏನಕ್ಕಾ ಅದು ಎಂದಾಗ, "ಚಹಾ ಚೆಲ್ಲಿತು, ಹೋಗು ಒಳಗೆ" ಎಂದಿದ್ದೆ. ಆ ಬಟ್ಟೆ ಆಮೇಲೂ ಬಹಳ ದಿನ ನಮ್ಮ ಮನೆಯಲ್ಲಿತ್ತು. ನಾನದನ್ನು ಹೊದ್ದು ಮಲಗಿದ್ದೇನೆ ಅಕ್ಕ. ಚಹಾದ ಕಲೆಗೆ ಅಂಚು ಕಪ್ಪಗಿರುತ್ತದೆ, ನಡುವೆ ತೆಳುವಾಗಿರುತ್ತದೆ. ಅದು ಹಾಗಿರಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಆಗ ಹೇಳದ್ದಕ್ಕಲ್ಲ, ಆಗ ನೀನೂ ಹುಡುಗಿಯೇ, ಹೇಳಬೇಡ ಎಂದು ಅಮ್ಮನೇ ಆಣೆ ಹಾಕಿಸಿಕೊಂಡಿರಬಹುದು. ಆದರೆ ನಾನು ಫೋನಿನಲ್ಲಿ ಹೇಳಿದ ದಿನ ನಿನಗೆ ಆ ಬಕೆಟ್ಟು ನೆನಪಾಗಲಿಲ್ಲವೇ? ನೆನಪಾಯಿತು ಎಂದೇ ನನ್ನ ನಂಬಿಕೆ. ಅದಕ್ಕೇ ನೀನು ಅಷ್ಟು ಜೋರಾಗಿ ನಕ್ಕೆ. ಹೆದರಿಕೆಯಾದಾಗ ನೀನು ನಗುವುದು ನನಗೆ ಗೊತ್ತು. ಗೊತ್ತಿದ್ದೂ ನಾನು ಆ ನಗುವನ್ನೇ ಔಷಧಿಯೆಂದು ನುಂಗಿದೆ.

ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸುವುದಕ್ಕೆ ಇದನ್ನು ಕೇಳುತ್ತಿಲ್ಲ. ಈ ರೋಗ ಕೆಲವು ಮನೆಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುವುದುಂಟಂತೆ. ನನ್ನಿಂದ ತೆಗೆದ ಗಡ್ಡೆಯ ಪರೀಕ್ಷೆಯಲ್ಲಿ ಅಂಥ ಅನುಮಾನವಿದೆ. ಅಮ್ಮನ ವಿಷಯ ಗೊತ್ತಾದರೆ ನನ್ನ ಮಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಡಾಕ್ಟರಮ್ಮ ತೀರ್ಮಾನಿಸುತ್ತಾರೆ. ಅಕ್ಕತಂಗಿಯರು ಇದ್ದಾರಾ ಎಂದೂ ಕೇಳಿದರು. ಒಬ್ಬಳಿದ್ದಾಳೆ, ಫೋನು ಎತ್ತುವುದಿಲ್ಲ ಎಂದೆ. ಮುಟ್ಟು ನಿಂತ ಹೆಂಗಸಿಗೆ ಒಂದೇ ಒಂದು ಹನಿ ಕಂಡರೂ ಬರಬೇಕು, ಎಷ್ಟೋ ಸಲ ಅದಕ್ಕೆ ಬೇರೆ ಸಣ್ಣ ಕಾರಣವಿರುತ್ತದೆ, ಆದರೆ ನೋಡದೆ ಹಾಗೆನ್ನುವಂತಿಲ್ಲ ಎಂದು ಹೇಳಿಕಳಿಸಿದ್ದಾರೆ. ಹೇಳಿದ್ದೇನೆ.

ನನ್ನನ್ನು ಬೈದು ಬರೆ, ನಾಲ್ಕು ಪುಟ ಬೈ. ಅಮ್ಮನ ಬಗ್ಗೆ ಒಂದು ಸಾಲು ಅದರಲ್ಲಿರಲಿ. ಭಾವನಿಗೆ ನಮಸ್ಕಾರ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅದು ಇಳಿಯುವವರೆಗಾದರೂ ನೀನು ಗಟ್ಟಿಯಾಗಿರಬೇಕು.

ನಿನ್ನ,
ಗುಬ್ಬಿ

ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೊರಡುವ ಬೆಳಗ್ಗೆ ನೀನು, "ಹಾಸಿಗೆ ಮೇಲೆ ಚಹಾ ಚೆಲ್ಲಿತು, ಒಗೆದು ಹಾಕಿದೀನಿ" ಎಂದಿದ್ದೆ. ಇವತ್ತು ಆ ಬಟ್ಟೆಯನ್ನು ಮಡಚಲು ಕೂತೆ. ನೀನದನ್ನು ಬಿಸಿನೀರಿನಲ್ಲಿ ಒಗೆದಿದ್ದೀಯ. ಬುಧವಾರ ಬೆಳಗ್ಗೆ ನನ್ನ ಮಗಳು ಕಾರು ತಂದು ನಿನ್ನ ಬಾಗಿಲ ಮುಂದೆ ನಿಲ್ಲಿಸುತ್ತಾಳೆ, ಡಾಕ್ಟರಮ್ಮನಿಗೆ ಹೇಳಿಟ್ಟಿದ್ದೇನೆ. ಎಲ್ಲಿಗೆ ಎಂದು ಭಾವ ಕೇಳಿದರೆ ನೆಂಟರ ಸುದ್ದಿ ಎತ್ತಬೇಡ. ರಕ್ತ ಹೋಗುತ್ತಿದೆ ಎನ್ನು.