ಈಜು ಬಾರದ ಮೇಜರ್

ಯೆಫಿಮ್,

ಸತ್ತ ಗಂಡನ ಮೇಲೆ ಜಗಳ ಕಾಯುವ ಹಾಗೆ ಮಾಡಿದೆಯಲ್ಲ, ಅದಕ್ಕೇ ಈ ಕಾಗದ. ಇವತ್ತು ಶಾಲೆಯಲ್ಲಿ ನಿನ್ನ ಭಾವಚಿತ್ರ ತೂಗುಹಾಕಿದರು. ಯುದ್ಧದಲ್ಲಿ ದ್ನೀಪರ್ ನದಿಯನ್ನು ಎಲ್ಲರಿಗಿಂತ ಮೊದಲು ದಾಟಿ ಚಿನ್ನದ ನಕ್ಷತ್ರ ಪದಕ ಪಡೆದ ಮೇಜರ್ ಲಗುತಿನ್ ಎಂದು ಮುಖ್ಯೋಪಾಧ್ಯಾಯಿನಿ ಓದಿದರು. ಆಮೇಲೆ ನಿನ್ನ ಸಾರ್ಜೆಂಟ್ ದ್ರೋಜ್ದ್ ಎದ್ದು ನಿಂತ.

"ನಮ್ಮ ಮೇಜರ್‌ಗೆ ಈಜೇ ಬರ್ತಿರ್ಲಿಲ್ಲ. ಕೊಟ್ಟಿಗೆ ಬಾಗಿಲು ಕಿತ್ತು ತೆಪ್ಪ ಮಾಡಿದ್ವಿ. ಶೆಲ್ ಬಿದ್ದು ಅದು ಮಗುಚ್ತು. ಮೇಜರ್ ಒಂದು ಹಲಗೆ ಹಿಡ್ಕೊಂಡು ಆಚೆ ದಡ ಸೇರಿದ್ರು. ತಿರುಗಿ ನೋಡಿದ್ರೆ ನಮ್ಮ ಹತ್ತೊಂಬತ್ತು ಜನ ನೀರುಪಾಲಾಗಿದ್ರು. ಆದ್ರೂ ಮೂರು ದಿನ ದಡ ಬಿಟ್ಟುಕೊಡ್ಲಿಲ್ಲ."

ನನ್ನ ಕಡೆ ತಿರುಗಿ, "ಇದೆಲ್ಲ ನಿಮಗೆ ಹೇಳಿರ್ತಾರಲ್ಲ, ಅಂತೋನಿನಾ ಪಾವ್ಲೊವ್ನಾ?" ಎಂದ.

ಏನು ಹೇಳಿದ್ದೆ ಮಾರಾಯ ನೀನು? ಇಪ್ಪತ್ತೆಂಟು ಬೇಸಿಗೆ ನಾನೂ ಮಕ್ಕಳೂ ವೋಲ್ಗಾದಲ್ಲಿ ಈಜುವಾಗ, ನೀನು ನೀರಿಗೆ ಬೆನ್ನು ಹಾಕಿ ಕಲ್ಲಂಗಡಿ ಹೆಚ್ಚುತ್ತ ಕೂತಿರುತ್ತಿದ್ದೆ. ಕರೆದರೆ, "ನೀರು ತಣ್ಣಗಿದೆ ತೋನ್ಯಾ" ಅನ್ನುತ್ತಿದ್ದೆ. ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? "ನೋಡಿ ನಮ್ಮನೆ ವೀರನ್ನ, ಮೊಣಕಾಲುದ್ದ ನೀರಿಗೂ ಹೆದರ್ತಾನೆ" ಎಂದು ನೆರೆಯವರ ಮುಂದೆ ನಾನು ಆಡಿಕೊಂಡಾಗ ನೀನೂ ಅವರ ಜೊತೆ ಸೇರಿ ನಗುತ್ತಿದ್ದೆ. ಯಾಕೆ ನಗಬೇಕಿತ್ತು?

ದ್ರೋಜ್ದ್ ಉತ್ತರಕ್ಕೆ ಕಾಯುತ್ತಿದ್ದ. "ಹೂಂ, ಎಲ್ಲ ಹೇಳಿದ್ರು" ಎಂದೆ.

ಅವನ ಮುಖ ಹಗುರಾಯಿತು. "ಸದ್ಯ, ಮನೇಲಾದ್ರೂ ಒಬ್ರಿಗೆ ಹೇಳ್ಕೊಂಡ್ರಲ್ಲ" ಎಂದ.

ನಿನ್ನ ತೋನ್ಯಾ