ಗಂಡನಿಗೆ ತಾಯಿಯ ಪಾರ್ಟು

ಹೊಲಿಗೆ ಅಂಗಡಿಯ ಮೇಲಿನ ಮನೆ,
೧೫ ಮಾರ್ಚ್ ೧೯೬೨

ಅಪ್ಪನವರಿಗೆ ಮಗಳ ನಮಸ್ಕಾರ.

ಆರೋಗ್ಯವೇ? ಸೊಂಟ ಹೇಗಿದೆ? ಹೋದ ಚಿತ್ರದಲ್ಲಿ ಹೀರೋಯಿನ್ನನ್ನು ಎತ್ತಿಕೊಂಡು ನೀವು ಮೆಟ್ಟಿಲು ಹತ್ತುವಾಗ ನಿಮ್ಮ ಮುಖ ನೋಡಿ ನನಗೆ ಗಾಬರಿಯಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸರು ಅದನ್ನು ಪ್ರೇಮ ಎಂದುಕೊಂಡರು. ಅಮ್ಮ ಮಾತ್ರ, "ಪಾಪ, ಬೆಲ್ಟು ಬಿಗಿಯಾಗಿದೆ" ಎಂದಳು. ನಾವು ಚೆನ್ನಾಗಿದ್ದೇವೆ. ಕೆಳಗಿನ ಅಂಗಡಿಯವರ ಅಂಗಿಗಳಿಗೆ ನಾನು ಗುಂಡಿ ಹೊಲಿದು ಕೊಡುತ್ತೇನೆ.

ನಿಮ್ಮ ಎದುರಿಗೆ ನಿಂತರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಕಾಗದ. ನೀವು ಕಳಿಸಿದ ಪ್ರೊಡಕ್ಷನ್ ಮ್ಯಾನೇಜರು ಸೋಮವಾರ ಬಂದಿದ್ದರು. ನಿಮ್ಮ ಮುಂದಿನ ಚಿತ್ರದಲ್ಲಿ ಅಮ್ಮನಿಗೊಂದು ಪಾರ್ಟು ಇದೆ ಎಂದಾಗ ಅವಳ ಮುಖ ಅರಳಿತು. ಯಾವ ಪಾರ್ಟು ಎಂದು ತಿಳಿದ ಮೇಲೆ ಅದೇ ಮುಖ ಸಣ್ಣದಾಯಿತು. ನಿಮ್ಮ ತಾಯಿಯ ಪಾರ್ಟು! ಅವಳಿಗೆ ನಲವತ್ತನಾಲ್ಕು, ನಿಮಗೆ ಐವತ್ತೊಂದು. "ಕಷ್ಟ ಏನಿಲ್ಲಮ್ಮ, ತಲೆಗೆ ಒಂಚೂರು ಬಿಳಿ ಪೌಡ್ರು, ಮಧ್ಯೆ ಮಧ್ಯೆ ಕೆಮ್ಮು, ಅಷ್ಟೇ" ಎಂದರು ಆ ಮಹಾನುಭಾವರು. ಅಮ್ಮ, "ಅದು ಸರಿ ಕಣಪ್ಪಾ, ಇವರನ್ನ ನಾನು ಹೆತ್ತಿದ್ದು ಯಾವಾಗ? ನಾನು ಹುಟ್ಟೋಕೆ ಮುಂಚೆನಾ?" ಎಂದಳು. ಅವರು ತಲೆ ಕೆರೆದುಕೊಂಡು ಹೋದರು. ಇವತ್ತು ಉತ್ತರ ಕೇಳಲು ಬರುತ್ತಾರೆ.

ಅವತ್ತಿನಿಂದ ಅಮ್ಮ ಕನ್ನಡಿಯ ಮುಂದಿನಿಂದ ಎದ್ದಿಲ್ಲ. ಬೇಡ ಎಂದರೆ ಮತ್ತೆ ಯಾರೂ ಕರೆಯುವುದಿಲ್ಲ. ಹೂಂ ಎಂದರೆ ಇನ್ನು ಸಾಯುವ ತನಕ ಕೆಮ್ಮುವುದೇ ಕೆಲಸ. ಅವಳು ಯೋಚನೆಗೆ ಬಿದ್ದಿದ್ದಾಳೆ. ಸಿಟ್ಟು ಬಂದದ್ದು ನನಗೆ.

ಪತ್ರಿಕೆಯಲ್ಲಿ ಅಮ್ಮನ ಬಗ್ಗೆ ನೀವು ಹೇಳಿದ್ದನ್ನೂ ಓದಿದೆ: "ಆಕೆಯನ್ನು ಕಲಾವಿದೆ ಮಾಡಿದ್ದು ನಾನು." ಭೇಷ್! ಏಳು ವರ್ಷದ ಹುಡುಗಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದಾಗ ನೀವು ಎಲ್ಲಿದ್ದಿರಿ? ಹದಿನೇಳಕ್ಕೆ ಅವಳು ರಾಣಿಯಾದಾಗ ನೀವು ಈಟಿ ಹಿಡಿದು ಹಿಂದೆ ನಿಂತ ಸೈನಿಕ, ಅದೂ ಕಂಬದ ಮರೆಯಲ್ಲಿ. ಮಾಲೀಕರ ಹತ್ತಿರ ಹಟ ಹಿಡಿದು ನಿಮ್ಮನ್ನು ರಾಜನನ್ನಾಗಿ ಮಾಡಿದ್ದು ಅವಳು. ಸಿನಿಮಾದವರು ಅವಳೊಬ್ಬಳನ್ನೇ ಕರೆದಾಗ, ಇವರೂ ಇದ್ದರೆ ಬರುತ್ತೇನೆ ಎಂದವಳೂ ಅವಳೇ. ಕ್ಯಾಮೆರಾ ಮುಂದೆ ನೀವು ಗಡಗಡ ನಡುಗುತ್ತಿದ್ದಿರಂತೆ; ಚಿತ್ರದಲ್ಲಿ ಕಾಣದ ಹಾಗೆ ನಿಮ್ಮ ಕೈ ಹಿಡಿದುಕೊಂಡೇ ಅವಳು ಹಾಡು ಮುಗಿಸಿದಳಂತೆ. ಭಯಕ್ಕೆ ಬಂದ ನಿಮ್ಮ ಕಣ್ಣೀರನ್ನು ಜನ ಅಭಿನಯ ಎಂದು ಹೊಗಳಿದರು. ಆಮೇಲೆ ನಾನು ಹುಟ್ಟಿದೆ, ಅವಳ ಸೊಂಟ ದಪ್ಪವಾಯಿತು, ನೀವು ಬೇರೆ ಮನೆ ಮಾಡಿದಿರಿ. ನಿಮ್ಮ ಸೊಂಟ ಎಷ್ಟು ದಪ್ಪವಾದರೂ ಹೀರೋ ಸೊಂಟವೇ. ಈಗ ನಿಮ್ಮ ಜೊತೆ ಕುಣಿಯುವ ಹುಡುಗಿಯರಿಗೆ ಮಾತು ಸರಿಯಾಗಿ ಬರುವುದಿಲ್ಲವೆಂದು, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅವರ ಮಾತನ್ನೆಲ್ಲ ಆಡುವುದು ಅಮ್ಮನೇ. "ನಿಮ್ಮನ್ನು ಬಿಟ್ಟು ಬದುಕಲಾರೆ" ಎಂದು ಪ್ರತಿ ಚಿತ್ರದಲ್ಲೂ ನಿಮಗೆ ಹೇಳುವವಳು ನೀವು ಬಿಟ್ಟುಹೋದ ಹೆಂಡತಿ. ಅದನ್ನು ಹೇಳಿ ಮನೆಗೆ ಬಂದು, ಬಿಸಿನೀರು ಕುಡಿದು, ಬಿದ್ದು ಬಿದ್ದು ನಗುತ್ತಾಳೆ.

ಅಮ್ಮ ನಿಮಗೆ ನಮಸ್ಕಾರ ತಿಳಿಸಿಲ್ಲ, ನಾನಾಗಿ ಬರೆಯುವುದೂ ಇಲ್ಲ. ಗಾಳಿಯಲ್ಲಿ ಓಡಾಡುವಾಗ ವಿಗ್ಗು ಜೋಪಾನ.

ನಿಮ್ಮ ಮಗಳು

ತಡೆಯಿರಿ, ಲಕೋಟೆ ಅಂಟಿಸುವಷ್ಟರಲ್ಲಿ ಮ್ಯಾನೇಜರು ಬಂದು ಪೂರ್ತಿ ಕಥೆ ಹೇಳಿದರು. ಅಮ್ಮ ಒಪ್ಪಿಕೊಂಡಳು! ಮನೆ ಬಿಟ್ಟು ಓಡಿಹೋದ ಮಗ ಎಷ್ಟೋ ವರ್ಷದ ಮೇಲೆ ಬಂದು ನಿಂತಾಗ ತಾಯಿ ಅವನ ಕೆನ್ನೆಗೆ ಬಾರಿಸುತ್ತಾಳಂತೆ. ಕೈ ಬೀಸಿದ ಹಾಗೆ ಮಾಡಿದರೆ ಸಾಕು, ಸದ್ದು ಆಮೇಲೆ ಸೇರಿಸುತ್ತೇವೆ ಎಂದರು. "ನಾಟಕದೋಳು ನಾನು. ಹಿಂದಿನ ಬೆಂಚಿಗೆ ಕೇಳಿಸದ ಹಾಗೆ ಹೊಡೆಯೋದು ನನಗೆ ಬರಲ್ಲಪ್ಪ" ಎಂದಳು ಅಮ್ಮ. ಏಟು ತಿಂದ ಮೇಲೆ ನಿಮಗೆ ಒಂದು ಪುಟ ಮಾತಿದೆಯಂತೆ. ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಬನ್ನಿ. ಒಂದು ಮಾತು ತಪ್ಪಿದರೂ ಏಟಿನಿಂದಲೇ ಮತ್ತೆ ಶುರು ಮಾಡುತ್ತಾರಂತೆ.